ಮಾಟಗಾತಿಯ ನಾಟಕವೂ ಒಂದು ಹಿಡಿ ಮೆಣಸಿನಕಾಯಿಯೂ

ಈ ಹೊತ್ತು ಮುಂಜಾನೆ ಮೊಮ್ಮಗಳ ಕೂಸಿಗೆ ದೃಷ್ಟಿ ತೆಗೆದು, ಒಣಮೆಣಸಿನಕಾಯಿಯನ್ನು ಗ್ಯಾಸಿನ ಮೇಲೆ ಹಳೆಯ ಹಂಚಿನಲ್ಲಿ ಸುಟ್ಟೆ. ಗೋವಾದ ಪರ್ವರಿಯ ಈ ಫ್ಲ್ಯಾಟುಗಳನ್ನು ಕಟ್ಟಿದವರು ಹೊಗೆ ಹೋಗುವ ದಾರಿಯ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಘಾಟು ಬಾಗಿಲ ಸಂದಿಯಿಂದ ಹೊರಬಿದ್ದು, ಮೆಟ್ಟಿಲು ಹತ್ತಿ, ಮೇಲಿನ ಮನೆಗೆ ಹೋಗಿ ಕೂತಿತು. ಸ್ವಲ್ಪ ಹೊತ್ತಿಗೆ ನಮ್ಮ ಬೆಲ್ಲು ಹೊಡೆಯಿತು.

ಬಂದವರು ಮೇಲಿನ ಮನೆಯ ಹೆಣ್ಣುಮಗಳು. ಬೆಳಗಾವಿ ಕಡೆಯವರು, ಗಂಡನಿಗೆ ಪಣಜಿಯಲ್ಲಿ ಆಫೀಸು. ಓಢಣಿಯನ್ನು ಮೂಗಿಗೆ ಒತ್ತಿಕೊಂಡು, "ಯಾರ್ರಿ ಅದು, ಏನೋ ಸುಡಾಕತ್ತಾರಲ್ಲ?" ಎಂದರು. ನಾನು ತಲೆಗೆ ಎರೆದುಕೊಂಡು ಕೂದಲು ಬಿಟ್ಟಿದ್ದೆ. ಕೈಯಲ್ಲಿ ಹೊಗೆಯಾಡುವ ಹಂಚು. "ನಾನ ರೀ" ಎಂದೆ. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಹಿಂದೆ ಸರಿದು, ಮೆಟ್ಟಿಲು ಹತ್ತಿ ಹೋದರು.

ಬೈದಿದ್ದರೆ ಮರೆತುಬಿಡುತ್ತಿದ್ದೆ. ಬೈಗುಳ ತಿನ್ನುವುದರಲ್ಲೂ ಬಡಿಸುವುದರಲ್ಲೂ ನನಗೆ ರೂಢಿಯಿದೆ. ಆದರೆ ಆ ನೋಟ ನನಗೆ ಗುರುತಿನದು. ಮುದುಕಿ, ಬಿಚ್ಚಿದ ಕೂದಲು, ಹೊಗೆ. ಇಷ್ಟು ಸಿಕ್ಕರೆ ಸಾಕು, ಉಳಿದದ್ದನ್ನು ನೋಡುವವರು ತಾವೇ ಸೇರಿಸಿಕೊಳ್ಳುತ್ತಾರೆ. ನೀವೂ ಸೇರಿಸಿಕೊಂಡಿರಬಹುದು. ಇರಲಿ.

ಒಳಗಿನಿಂದ ಮೊಮ್ಮಗಳು ಸುಧಾ ನಗುತ್ತಿದ್ದಳು. "ಆಯಿ, ದೇಸಾಯಿ ಸರ್ ನಿನ್ನನ್ನ ನಾಟಕದಾಗ ಹಾಕ್ಕೋಬೇಕಿತ್ತು ನೋಡು. ಬಣ್ಣದ ಖರ್ಚ ಉಳೀತಿತ್ತು."

ಆ ನಾಟಕದ ಕಾಲಕ್ಕೆ ನಾವು ಸಡಾದಲ್ಲಿದ್ದೆವು, ವಾಸ್ಕೋ ಬಂದರಿನ ಮೇಲಿನ ಗುಡ್ಡದಲ್ಲಿ. ನನ್ನ ಗಂಡ ವಿಜಾಪುರದ ಕಡೆಯಿಂದ ಬಂದರಿನ ಕೂಲಿಗೆಂದು ಬಂದು, ಗುಡ್ಡದ ಮೇಲೊಂದು ಖೋಲಿ ಮಾಡಿ, ನನ್ನನ್ನು ಅದರಲ್ಲಿ ಕೂರಿಸಿ, ಕೆಲವು ವರ್ಷಕ್ಕೆ ತೀರಿಕೊಂಡ. ನಾನು ಒಂಟಿ ಗಂಡಸರಿಗೆ ರೊಟ್ಟಿ ಬಡಿದು ಕೊಟ್ಟು ಬದುಕಿದೆ. ಸುಧಾ ನನ್ನ ಮಗಳ ಮಗಳು. ಮಗಳು, ಅಳಿಯ ಕಟ್ಟಡ ಏಳುವ ಕಡೆಯೆಲ್ಲ ಸಂಸಾರ ಎಬ್ಬಿಸಿಕೊಂಡು ತಿರುಗುತ್ತಿದ್ದರಿಂದ ಇವಳು ನನ್ನ ಹತ್ತಿರವೇ ಬೆಳೆದಳು. ಗುಡ್ಡದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಒಂದು ದಿನ ಅದಿರಿನ ಕೆಂಪು ಧೂಳು, ಇನ್ನೊಂದು ದಿನ ಕಲ್ಲಿದ್ದಲಿನ ಕರಿ ಧೂಳು. ಬಿಳಿ ಬಟ್ಟೆಯ ಆಸೆಯನ್ನು ಎಲ್ಲರೂ ಊರಲ್ಲೇ ಬಿಟ್ಟು ಬಂದಿದ್ದರು.

ಓಣಿಯಲ್ಲಿ ಕೂಸುಗಳ ದೃಷ್ಟಿ, ನಮ್ಮವರ ಬಾಯಲ್ಲಿ ನೆದರು, ತೆಗೆಯುವ ಕೆಲಸ ನನ್ನದಾಗಿತ್ತು. ಯಾರೂ ನೇಮಿಸಿದ್ದಲ್ಲ. ರೊಟ್ಟಿ ಬಡಿಯುವವಳ ಒಲೆಯಲ್ಲಿ ಯಾವಾಗಲೂ ಕೆಂಡ ಇರುತ್ತದೆ, ಅದಕ್ಕೆ ಬರುತ್ತಿದ್ದರು. ದೃಷ್ಟಿಯನ್ನು ನಾನು ನಂಬುತ್ತೇನೋ ಇಲ್ಲವೋ ಎಂದು ಕೇಳಬೇಡಿ. ಟಪಾಲಿನವನು ಪತ್ರದ ಒಳಗಿನದನ್ನು ನಂಬುತ್ತಾನೆಯೇ?

ಇನ್ನು ದೇಸಾಯಿ ಸರ್. ಧಾರವಾಡದವರು, ಪಣಜಿಯಲ್ಲಿ ದೊಡ್ಡ ನೌಕರಿ, ರವಿವಾರ ಬಂತೆಂದರೆ ನಾಟಕದ ಹುಚ್ಚು. ರಾಜ್ಯೋತ್ಸವಕ್ಕೆ ಪ್ರತಿವರ್ಷ ನಗೆನಾಟಕ ಮಾಡಿಸುತ್ತಿದ್ದವರಿಗೆ ಆ ವರ್ಷ ಏನು ಹೊಕ್ಕಿತೋ, ಪರದೇಶದ ಒಂದು ಹಳೆಯ ನಾಟಕವನ್ನು ಕನ್ನಡಕ್ಕೆ ತಂದು, ಸಡಾದ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು, ಶಾಲೆಯ ಖೋಲಿಯಲ್ಲಿ ತಾಲೀಮು ಶುರು ಮಾಡಿದರು. ಕತೆ ಇಷ್ಟೇ. ಒಂದು ಊರು. ಹುಡುಗಿಯರು ಮಾಡಬಾರದ್ದೇನೋ ಮಾಡುತ್ತಿದ್ದಾಗ ಸಿಕ್ಕಿಬೀಳುತ್ತಾರೆ. ಕೂಡಲೇ ಮೈಮೇಲೆ ಬಂದವರಂತೆ ಬಿದ್ದು ಹೊರಳುತ್ತಾರೆ. ಊರವರು ಯಾರು ಮಾಡಿಸಿದ್ದು ಎಂದು ಕೇಳುತ್ತಾರೆ. ಇವರು ಹೆಸರು ಹೇಳುತ್ತಾರೆ. ಹೆಸರು ಬಂದವರನ್ನೆಲ್ಲ ಮಾಟಗಾತಿಯರೆಂದು ಕೋರ್ಟು ಗಲ್ಲಿಗೆ ಹಾಕುತ್ತದೆ. ಕೇಳಿದಾಗ ನಾನು, "ಇದಕ್ಕ ಪರದೇಶಕ್ಕ ಯಾಕ ಹೋಗಬೇಕಿತ್ತು?" ಎಂದೆ.

ಸುಧಾಗೆ ಮೊದಲು ಬೆರಳು ತೋರಿಸುವ ಹುಡುಗಿಯ ಪಾತ್ರ. ತಾಲೀಮಿನಿಂದ ಬಂದವಳು ಮುಖ ಸಪ್ಪಗೆ ಮಾಡಿಕೊಂಡು ನನ್ನ ಒಲೆಯ ಮುಂದೆ ಕೂರುವಳು. ದೇಸಾಯಿ ಸರ್ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ. ಧ್ವನಿ ಎತ್ತರಿಸು, ಕೈ ಬೀಸು ಎಂಬ ಮಾತೇ ಇಲ್ಲ. ಕನ್ನಡಕ ಹಣೆಗೆ ಏರಿಸಿ, "ನಿನಗ ಏನು ಬೇಕಾಗೇದ? ನಿನ್ನ ಪಾತ್ರಕ್ಕ ಏನು ಬೇಕಾಗೇದ, ಅದನ್ನ ಮೊದಲು ಹೇಳು" ಎನ್ನುವುದು. ಉತ್ತರ ಸಿಗುವವರೆಗೆ ಮುಂದಿನ ಮಾತು ಆಡಗೊಡುತ್ತಿರಲಿಲ್ಲ.

"ಅಕಿಗೆ ಏನ್ ಬೇಕಾಗಿರ್ತೈತಿ ಆಯಿ? ಯಾಕ ಹೆಸರ ಹೇಳ್ತಾಳ?"

"ಎಲ್ಲಾರೂ ಏನಂತಾರ?"

"ಹೊಟ್ಟಿಕಿಚ್ಚು ಅಂತಾರ. ಒಬ್ಬಾವನ ಮ್ಯಾಲ ಮನಸೈತಿ, ಅವನ ಹೇಣ್ತಿ ಮ್ಯಾಲ ಸಿಟ್ಟು."

"ಹೊಟ್ಟಿಕಿಚ್ಚಿದ್ದಾಕಿ ಕೊಡ ಒಡೀತಾಳ. ಊರಿಗೆ ಊರ ಗಲ್ಲಿಗೆ ಹಾಕ್ಸೂದಿಲ್ಲ" ಎಂದು ಹೇಳಿ ರೊಟ್ಟಿ ತಿರುವಿ ಹಾಕಿದೆ. ಹಾಗಾದರೆ ಏನು ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ರೊಟ್ಟಿ ಹೊತ್ತುತ್ತದೆ ಎಂದು ಹೇಳಿ ತಪ್ಪಿಸಿಕೊಂಡೆ.

ಉಳಿದವರು ನನಗೆ ಸಲೀಸಾಗಿ ತಿಳಿದರು. ಪಕ್ಕದವನ ಹೊಲದ ಮೇಲೆ ಕಣ್ಣಿಟ್ಟು ಅವನ ಹೆಂಡತಿಯ ಹೆಸರು ಹೇಳಿಸುವವನೊಬ್ಬ ಇದ್ದ. ಅವನಿಗೆ ವೇಷವೇ ಬೇಕಿಲ್ಲ, ಯಾವ ಓಣಿಯಿಂದಲೂ ಒಬ್ಬನನ್ನು ಕರೆದು ನಿಲ್ಲಿಸಬಹುದು. ಪೂಜಾರಿಯಂಥವನೊಬ್ಬ. ಅವನಿಗೆ ಕೆಲಸ ಹೋದೀತೆಂಬ ಭಯ. ನ್ಯಾಯಾಧೀಶ ಮಾತ್ರ ಸುಧಾಗೆ ತಿಳಿಯಲಿಲ್ಲ. ಹುಡುಗಿಯರು ಸುಳ್ಳು ಹೇಳುತ್ತಿದ್ದಾರೆ ಎಂದು ಗೊತ್ತಾದ ಮೇಲೂ ಯಾಕೆ ನಿಲ್ಲಿಸುವುದಿಲ್ಲ ಎಂದಳು. ನಾನು ನಮ್ಮ ನೀರು ಬಿಡುವವನನ್ನು ನೆನಪಿಸಿದೆ. ಅವನು ಮೇಲಿನ ಸಾಲಿಗೆ ಮೊದಲು ನೀರು ಬಿಟ್ಟು ಕೆಳಗಿನ ಸಾಲಿಗೆ ಗಾಳಿ ಬಿಡುತ್ತಿದ್ದ. ತಪ್ಪು ಎಂದು ಅವನಿಗೂ ಗೊತ್ತು. ಈಗ ಸರಿ ಮಾಡಿದರೆ ಇಷ್ಟು ವರ್ಷ ಮಾಡಿದ್ದು ತಪ್ಪಾಗುತ್ತದಲ್ಲ? "ಒಬ್ಬಾಕಿನ ಗಲ್ಲಿಗೆ ಹಾಕಿದ ಮ್ಯಾಲ ಎರಡನೇದಾಕಿನ ಹೆಂಗ ಬಿಡ್ತಾನ? ಬಿಟ್ರ ಮೊದಲನೇದಾಕಿ ಎದ್ದು ಬಂದು ಲೆಕ್ಕ ಕೇಳ್ತಾಳ."

ನನಗೆ ತಿಳಿಯದವನು ನಾಟಕದ ನಾಯಕ. ಅವನ ಮೇಲೂ ಬೆರಳು ಬಂದಾಗ, ಮಾಟ ಮಾಡಿದ್ದು ಒಪ್ಪಿಕೊಂಡು ಇನ್ನೊಬ್ಬರ ಹೆಸರು ಹೇಳಿದರೆ ಜೀವ ಉಳಿಯುತ್ತದೆ ಎಂದರೂ ಬಾಯಿ ಬಿಡದೆ ಸಾಯುತ್ತಾನೆ. "ಹುಚ್ಚ. ಹೇಣ್ತಿ ಮಕ್ಕಳನ್ನ ನಡು ನೀರಾಗ ಬಿಟ್ಟ. ಇಂಥಾವಂಗ ಹೆಣ್ಣ ಕೊಟ್ಟಾವ್ರು ಯಾರು?" ಎಂದೆ. ಸುಧಾ ಅದಕ್ಕೆ ನನ್ನ ಜೊತೆ ಜಗಳವಾಡಿ ಒಂದು ಹೊತ್ತು ಉಂಡಿರಲಿಲ್ಲ.

ಆ ನಾಟಕದಲ್ಲಿ ನಾನು ಕಂಡ ದೋಷ ಒಂದೇ. ಬೆರಳು ತೋರಿಸಿಕೊಂಡವರು ಹೆಚ್ಚು ಕಡಿಮೆ ಎಲ್ಲರೂ ಒಳ್ಳೆಯವರು, ದೇವರಂಥವರು. ನೋಡುವವರಿಗೆ ಅಳು ಬರುತ್ತದೆ. ಖರೆ ಬದುಕಿನಲ್ಲಿ ಹಾಗಿರುವುದಿಲ್ಲ. ನಮ್ಮ ಓಣಿಯ ಕಾಳವ್ವನನ್ನೇ ತೆಗೆದುಕೊಳ್ಳಿ.

ಕಾಳವ್ವ ಒಳ್ಳೆಯವಳಲ್ಲ. ನಳದ ಪಕ್ಕದ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇದ್ದಳು. ಕೋಳಿ ಸಾಕಿ ತತ್ತಿ ಮಾರುತ್ತಿದ್ದಳು. ಯಾರಿಗೂ ಚಿಟಿಕೆ ಉಪ್ಪು ಕೊಟ್ಟವಳಲ್ಲ. ಹುಡುಗರ ಚೆಂಡು ಅವಳ ಅಂಗಳಕ್ಕೆ ಬಿದ್ದರೆ ಕುಡಗೋಲಿನಿಂದ ಎರಡು ಹೋಳು ಮಾಡಿ, "ತಗೋರಿ, ಈಗ ಎರಡ ಆದ್ವು" ಎಂದು ಎಸೆಯುವಳು. ಬಸುರಿಯರನ್ನು ನೋಡಿ, ಕೇಳದಿದ್ದರೂ, "ಹೆಣ್ಣ ಅದು" ಎನ್ನುವಳು. ಗಂಡು ಹಡೆದವರೂ ಅವಳನ್ನು ಕ್ಷಮಿಸಲಿಲ್ಲ. ನನಗೂ ಅವಳಿಗೂ ಮಾತಿರಲಿಲ್ಲ, ನನ್ನ ಒಲೆಯ ಹೊಗೆ ಅವಳ ಕೋಳಿಗಳಿಗೆ ಆಗುವುದಿಲ್ಲವಂತೆ. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಕಾರಣ. ದೊಡ್ಡ ಹಗೆ ಯಾರಿಗೂ ಇರಲಿಲ್ಲ. ಒಬ್ಬಳನ್ನು ಓಡಿಸಲು ದೊಡ್ಡ ಹಗೆ ಬೇಕಾಗುವುದೂ ಇಲ್ಲ, ಸಣ್ಣವೇ ಕೂಡಿಕೊಂಡರೆ ಸಾಕು. ಖೋಲಿಯ ಮಾಲಕ ವಾಸ್ಕೋದಲ್ಲಿದ್ದ. ಓಣಿಯಲ್ಲಿ ಅವಳಿಂದ ಇನ್ನೊಂದು ಗಲಾಟೆ ಎದ್ದರೆ ಖಾಲಿ ಮಾಡಿಸುತ್ತೇನೆ ಎಂದು ಹೇಳಿ ಹೋಗಿದ್ದ. ಊರಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ. ಆ ಖೋಲಿ ಹೋದರೆ ಕೋಳಿಗಳ ಸಮೇತ ರಸ್ತೆ.

ತಾಲೀಮು ಜೋರಾಗಿದ್ದಾಗಲೇ ಎದುರುಮನೆಯ ಯಲ್ಲವ್ವನ ಮಗಳು ರೇಣುಕಾ ಬೀಳತೊಡಗಿದಳು. ಇವಳೂ ನಾಟಕದಲ್ಲಿ ಹೊರಳಾಡುವ ಹುಡುಗಿಯರಲ್ಲಿ ಒಬ್ಬಳು. ಮೊದಲ ಸಲ ನಳದ ಹತ್ತಿರ ಬಿದ್ದಾಗ ಎಲ್ಲರೂ ತಾಲೀಮು ಎಂದುಕೊಂಡರು, ಚಲೋ ಮಾಡುತ್ತಾಳೆ ಎಂದು ಹೊಗಳಿದವರೂ ಇದ್ದರು. ಹಲ್ಲು ಕಚ್ಚಿಕೊಂಡು ಎಷ್ಟು ಹೊತ್ತಾದರೂ ಏಳದಿದ್ದಾಗ ಹೊಗಳಿಕೆ ನಿಂತಿತು. ಆಮೇಲೆ ಮನೆಯಲ್ಲಿ ಬಿದ್ದಳು. ಆಮೇಲೆ ಲಗ್ನದ ಸೀರೆ ತೋರಿಸಿದಾಗ ಬಿದ್ದಳು. ಅವಳ ಲಗ್ನ ಊರಲ್ಲಿ ಗೊತ್ತಾಗಿತ್ತು, ಅಪ್ಪ ಮಾತು ಕೊಟ್ಟು ಬಂದಿದ್ದ. ದೇವಿ ಮೈಮೇಲೆ ಬರುತ್ತಾಳೆ ಎಂದು ಒಬ್ಬರೆಂದರು, ಮಾಟ ಎಂದು ಇನ್ನೊಬ್ಬರು. ಅಷ್ಟರಲ್ಲಿ ಯಲ್ಲವ್ವನ ಕೊಡದ ಹಿಂದೆ ಒಂದು ತತ್ತಿ ಸಿಕ್ಕಿತು. ಕೋಳಿ ತನಗೆ ಬೇಕಾದಲ್ಲಿ ಇಡುತ್ತದೆ, ಅದರಲ್ಲಿ ಹೊಸದಿಲ್ಲ. ಆದರೆ ಆ ವಾರ ಆ ತತ್ತಿಯನ್ನು ಬರೀ ತತ್ತಿಯಾಗಿರಲು ಯಾರೂ ಬಿಡಲಿಲ್ಲ.

ಒಂದು ಮಾತು ಹೇಳಬೇಕು. ಕೆಳಗೆ ವಾಸ್ಕೋದಲ್ಲಿ ಯಾರದಾದರೂ ಸೈಕಲ್ಲು ಕಳುವಾದರೆ, ಬೆರಳು ಏಳುತ್ತಿದ್ದುದು ನಮ್ಮ ಗುಡ್ಡದ ಕಡೆಗೆ. ಘಾಟಿಗಳು, ಎನ್ನುತ್ತಿದ್ದರು, ಅಂದರೆ ಘಟ್ಟ ಇಳಿದು ಬಂದವರು. ಸುಮ್ಮನೆ ಬೆರಳು ತೋರಿಸಿಕೊಂಡರೆ ಹೇಗಿರುತ್ತದೆ ಎಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದರಿಂದ ನಮಗೆ ಬುದ್ಧಿ ಬಂದಿತ್ತೆಂದು ತಿಳಿಯಬೇಡಿ. ಬೆರಳು ತೋರಿಸುವುದು ಹೇಗೆಂದು ಚೆನ್ನಾಗಿ ಕಲಿತಿದ್ದೆವು, ಅಷ್ಟೇ.

ಅಮಾವಾಸ್ಯೆಯ ಸಂಜೆ ಯಲ್ಲವ್ವ ಮಗಳನ್ನು ನನ್ನ ಅಂಗಳಕ್ಕೆ ಕರೆತಂದಳು. ಹಿಂದೆ ಓಣಿ ಪೂರಾ. "ಆಯಿ, ನೀ ನೆದರ ತಗಿ. ಮೆಣಸಿನಕಾಯಿ ಘಾಟ ಬರಲಿಲ್ಲಂದ್ರ ಮಾಟ ಅಂತ ಖಾತ್ರಿ ಆಕ್ಕೈತಿ. ಆಮ್ಯಾಲ ಕೇಳೂಣು, ಯಾರ ಮಾಡ್ಯಾರ ಅಂತ ದೇವಿನ ಹೇಳ್ತಾಳ." ನಮ್ಮಲ್ಲಿ ಅದು ಪದ್ಧತಿ. ಕೆಂಡದ ಮೇಲೆ ಹಾಕಿದ ಮೆಣಸಿನಕಾಯಿ ಘಾಟು ಎಬ್ಬಿಸಿದರೆ ಏನೂ ಆಗಿಲ್ಲ. ಘಾಟು ಬರದಿದ್ದರೆ ಯಾರೋ ಏನೋ ಮಾಡಿಸಿದ್ದಾರೆ. ನಳದ ಪಕ್ಕದ ಖೋಲಿಯ ಬಾಗಿಲಲ್ಲಿ ಕಾಳವ್ವ ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಷ್ಟು ಬುದ್ಧಿಯೂ ಇಲ್ಲ ಆ ಹೆಂಗಸಿಗೆ.

ಯಲ್ಲವ್ವ ತಾಟಿನಲ್ಲಿ ಉಪ್ಪು, ಸಾಸಿವೆ, ಮೆಣಸಿನಕಾಯಿ ತಂದಿದ್ದಳು. ನೋಡಿದೆ. ಊರಿನಿಂದ ತರಿಸಿದ ಬ್ಯಾಡಗಿ ಮೆಣಸಿನಕಾಯಿ, ಕಳೆದ ವರ್ಷದ್ದು. ಬ್ಯಾಡಗಿ ಇರುವುದು ಬಣ್ಣಕ್ಕೆ, ಅಡುಗೆ ಮಾಡುವ ಯಾರಿಗಾದರೂ ಗೊತ್ತು. ಅದನ್ನು ಸುಟ್ಟರೆ ಬೆಕ್ಕು ಕೂಡ ಸೀನುವುದಿಲ್ಲ. ಯಲ್ಲವ್ವ ಬೇಕೆಂದು ತಂದಳೋ, ಮನೆಯಲ್ಲಿದ್ದದ್ದು ತಂದಳೋ, ನಾನು ಕೇಳಲಿಲ್ಲ.

"ಇವು ಹುಳ ಹಿಡದಾವು" ಎಂದು ಹೇಳಿ ಒಳಗೆ ಹೋಗಿ, ಹಂಚಿಗೆ ಕೆಂಡ ತೋಡಿಕೊಂಡು, ನನ್ನ ಡಬ್ಬಿಯ ಗುಂಟೂರು ಮೆಣಸಿನಕಾಯಿ ತೆಗೆದುಕೊಂಡೆ. ಮಾಮೂಲಾಗಿ ಐದಾರು ಹಾಕುತ್ತೇನೆ. ಅವತ್ತು ಹಿಡಿ ತುಂಬಾ ತೆಗೆದುಕೊಂಡೆ.

ರೇಣುಕಾ ಕೂತಲ್ಲೇ ತೂಗುತ್ತಿದ್ದಳು, ಕಣ್ಣು ಅರ್ಧ ಮುಚ್ಚಿತ್ತು. ನಾನು ನಿವಾಳಿಸುತ್ತಾ ಮಾಮೂಲಿನ ಮಾತು ಹೇಳಿದೆ: ನಾಯಿ ಕಣ್ಣು, ನರಿ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು, ಹಡೆದವರ ಕಣ್ಣು. ಜನಕ್ಕೆ ತಾಳ್ಮೆ ಇರಲಿಲ್ಲ. "ಯಾರ ತಾಯೀ? ಯಾರ ಮಾಡ್ಯಾರ? ಹೆಸರ ಹೇಳು" ಎಂದು ಸುತ್ತಲೂ ಕೂಗು ಎದ್ದಿತು. ಹುಡುಗಿಯ ಕಣ್ಣು ತೆರೆಯಿತು. ಕೈ ಮೇಲೆದ್ದಿತು. ಬೆರಳು ನಳದ ಕಡೆಗೆ ತಿರುಗತೊಡಗಿದ್ದು ನನಗೆ ಕಂಡಿತು. ನಾನು ಹಿಡಿಯಲ್ಲಿದ್ದುದನ್ನೆಲ್ಲ ಕೆಂಡಕ್ಕೆ ಸುರಿದೆ.

ಮುಂದಿನದನ್ನು ವರ್ಣಿಸಲು ನನ್ನ ಕನ್ನಡ ಸಾಲದು, ನಾನು ಕಲಿತದ್ದು ಮೂರನೆಯ ಇಯತ್ತೆ. ಓಣಿಗೆ ಓಣಿಯೇ ಕೆಮ್ಮಿತು. ಗಂಡಸರು ಟವೆಲು ಮುಖಕ್ಕೆ ಒತ್ತಿಕೊಂಡು ಇಳಿಜಾರಿಗೆ ಓಡಿದರು. ಎಲ್ಲರಿಗಿಂತ ಹತ್ತಿರ ಇದ್ದವಳು ರೇಣುಕಾ. ದೇವಿಗೆ ಕೆಮ್ಮು ಬರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮೂಗು, ಕಣ್ಣು ಸುರಿಸುತ್ತಾ ಎದ್ದು ನಿಂತು, ದಿನನಿತ್ಯದ ದನಿಯಲ್ಲಿ, "ಅವ್ವಾ, ನೀರು!" ಎಂದಳು.

ಆ ನ್ಯಾಯಾಧೀಶನಿಗಿಂತ ನಾನೇನೂ ಮೇಲಿನವಳಲ್ಲ, ಒಪ್ಪುತ್ತೇನೆ. ತೀರ್ಪನ್ನು ಮೊದಲೇ ಗೊತ್ತು ಮಾಡಿಕೊಂಡು ಆಮೇಲೆ ಸಾಕ್ಷಿ ಹುಡುಕಿದೆ. ಅವನು ಗಲ್ಲಿಗೆ ಹಾಕಿದ, ನಾನು ಕೆಮ್ಮಿಸಿದೆ.

ಹುಡುಗಿಯನ್ನು ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ನೀರು ಕೊಟ್ಟೆ. ಕುಡಿದು ನನ್ನ ಮುಖ ನೋಡಿದಳು, ನಾನು ಬೈಯುತ್ತೇನೆ ಎಂದು ಕಾಯುತ್ತಿದ್ದಳು. ನನ್ನ ಬಾಯಿಗೂ ಬೈಗುಳವೇ ಬಂದಿತ್ತು. ಆದರೆ ತಿಂಗಳಿನಿಂದ ಮನೆಯಲ್ಲಿ ಕೇಳಿ ಕೇಳಿ ತಲೆಯೊಳಗೆ ಕೂತಿದ್ದ ಆ ಪ್ರಶ್ನೆ, ದೇಸಾಯಿ ಸರ್ ಅವರ ಧಾರವಾಡದ ದನಿಯ ಸಮೇತ, ಬೈಗುಳವನ್ನು ಹಿಂದೆ ಹಾಕಿ ಮುಂದೆ ಬಂತು.

"ನಿನಗ ಏನು ಬೇಕಾಗೇದ?"

ಹುಡುಗಿ ಪಿಳಿಪಿಳಿ ನೋಡಿದಳು. ಅಷ್ಟು ದಿನ ಎಲ್ಲರೂ ಅವಳನ್ನು ಕೇಳಿದ್ದು "ಯಾರು" ಎಂದು. "ಏನು" ಎಂದು ಯಾರೂ ಕೇಳಿರಲಿಲ್ಲ.

"ಆ ಲಗ್ನ ಬ್ಯಾಡ" ಎಂದಳು.

"ಅಷ್ಟನ?"

"ಅಪ್ಪ ಕೊಲ್ತಾನ, ಆಯಿ."

"ಕಾಳವ್ವ ಏನ್ ಮಾಡ್ಯಾಳ ನಿನಗ?"

ತಲೆ ತಗ್ಗಿಸಿದಳು. "ವಾಸ್ಕೋ ಬಸ್ ಸ್ಟ್ಯಾಂಡಿನ್ಯಾಗ ನನ್ನ ಒಬ್ಬಾವನ ಜೋಡಿ ನೋಡ್ಯಾಳ. ಅವ್ವಗ ಹೇಳ್ತಾಳ."

"ಹೇಳ್ಯಾಳೇನು?"

"ಇನ್ನೂ ಇಲ್ಲ. ಹೇಳೂದ್ರೊಳಗ..." ಎಂದು ನಿಲ್ಲಿಸಿದಳು. ಅದರ ಮುಂದಿನದು ನನಗೆ ಬೇಕಾಗಿರಲಿಲ್ಲ. ಸುಧಾ ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಹೊರಗೆ ಬಂದೆ. ಜನ ಕಣ್ಣು ಒರೆಸಿಕೊಳ್ಳುತ್ತಾ ಮತ್ತೆ ಸೇರಿದ್ದರು. "ಘಾಟ ಬಂತಲ್ಲ? ಮಾಟ ಇಲ್ಲ ಮಣ್ಣ ಇಲ್ಲ" ಎಂದೆ. "ದೇವಿ ಒಂದ ಮಾತ ಹೇಳ್ಯಾಳ. ಈ ವರ್ಷ ಹುಡುಗಿ ಲಗ್ನ ಮಾಡಬಾರದಂತ. ಮಾಡಿದ್ರ ಅಪ್ಪಗ ಚಲೋ ಅಲ್ಲಂತ." ರೇಣುಕಾಳ ಅಪ್ಪ ಗಲ್ಲ ಗಲ್ಲ ಬಡಿದುಕೊಂಡು ಕೈಮುಗಿದ. ಮಗಳು ಹೇಳಿದ್ದರೆ ಕಪಾಳಕ್ಕೆ ಕೊಡುತ್ತಿದ್ದ. ದೇವಿ ಹೀಗೆ ಆಗಾಗ ಕೆಲಸಕ್ಕೆ ಬರುತ್ತಾಳೆ. ಅವಳ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ ಅವಳು ನನ್ನನ್ನು ಇದುವರೆಗೆ ಏನೂ ಕೇಳಿಲ್ಲ.

ಯಲ್ಲವ್ವ ಬಿಡಲಿಲ್ಲ. "ಮಾಟ ಅಲ್ಲಂದ್ರ ನೆದರರೆ ಇರಬೇಕು. ಅದು ಯಾರದು? ಹೆಸರ ಹೇಳವಾ."

"ಯಾರ್ಯಾರು ಕೆಮ್ಮಿದ್ರಿ? ಅವರೆಲ್ಲಾರದೂ. ನಿಂದೂ ಐತಿ. ನಂದೂ ಐತಿ."

ಇಡೀ ಓಣಿಯಲ್ಲಿ ಕೆಮ್ಮದೆ ಇದ್ದವಳು ಕಾಳವ್ವ ಒಬ್ಬಳೇ, ದೂರ ನಿಂತಿದ್ದಳಲ್ಲ. ಅಲ್ಲಿಂದಲೇ ಕೂಗಿದಳು: "ಮುಗೀತೇನ ನಿಮ್ಮ ನಾಟಕ? ನನ್ನ ಕೋಳಿ ಕಂಗಾಲಾಗ್ಯಾವು."

ನಾಟಕ ಪಣಜಿಯಲ್ಲಿ ಆಯಿತು. ನಾನು ಹೋಗಿದ್ದೆ. ಸುಧಾ ಆ ಹುಡುಗಿಯನ್ನು ಆಡಿದ ರೀತಿ ನೋಡಿ ನನಗೇ ಗುರುತು ಸಿಗಲಿಲ್ಲ. ಕಣ್ಣು ಕೆಂಪಗೆ ಮಾಡಲಿಲ್ಲ, ಹಲ್ಲು ಕಡಿಯಲಿಲ್ಲ. ಬೆರಳು ತೋರಿಸುವಾಗ ಅವಳ ಮುಖದಲ್ಲಿ ಇದ್ದದ್ದು ಹೆದರಿಕೆ. ನನ್ನನ್ನು ಕೇಳಬೇಡಿ, ಅವಳನ್ನು ಕೇಳಿ ಎಂಬ ಹೆದರಿಕೆ. ಮುಗಿದ ಮೇಲೆ ದೇಸಾಯಿ ಸರ್ ಕನ್ನಡಕ ಹಣೆಗೆ ಏರಿಸಿ, "ಎಲ್ಲಿಂದ ತಂದಿ ಇದನ್ನ?" ಎಂದರು. "ನಮ್ಮ ಓಣ್ಯಾಗಿಂದ ರೀ ಸರ್" ಎಂದಳು. ರೇಣುಕಾಳ ಹೆಸರು ಹೇಳಲಿಲ್ಲ. ರೇಣುಕಾ ಅಲ್ಲೇ ಪಕ್ಕದಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಆ ಬಸ್ ಸ್ಟ್ಯಾಂಡಿನವನನ್ನೂ ಅವಳು ಆಮೇಲೆ ಲಗ್ನವಾಗಲಿಲ್ಲ, ವರ್ಷದೊಳಗೆ ಅವನೂ ಬೇಡವಾದ.

ಕಾಳವ್ವನಿಗೆ ಖೋಲಿ ಉಳಿಯಿತು. ನನಗೆ ಒಂದು ತತ್ತಿಯನ್ನೂ ಬಿಟ್ಟಿ ಕೊಡಲಿಲ್ಲ. ಒಮ್ಮೆ ನಳದ ಹತ್ತಿರ ಸಿಕ್ಕಾಗ, ಆ ಹುಡುಗಿಯ ಮಾತು ಯಲ್ಲವ್ವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನನಗೇನ ಬ್ಯಾರೆ ಕೆಲಸಿಲ್ಲೇನು?" ಎಂದು ಕೊಡ ಎತ್ತಿಕೊಂಡು ಹೋದಳು.

ನಾಟಕ ಮುಗಿಸಿ ಬಸ್ಸಿನಲ್ಲಿ ಬರುವಾಗ ಸುಧಾ ಕಿಟಕಿಯ ಕಡೆ ನೋಡುತ್ತಾ ಇದ್ದವಳು ತಿರುಗಿ ಕೇಳಿದಳು. "ಆಯಿ, ಅವತ್ತ ನಿನಗ ಏನು ಬೇಕಾಗಿತ್ತು? ಕಾಳವ್ವನ ಕಂಡ್ರ ನಿನಗ ಆಗೂದಿಲ್ಲ."

ನ್ಯಾಯಕ್ಕಾಗಿ ಮಾಡಿದೆ ಎಂದು ಹೇಳಬಹುದಿತ್ತು. ಹುಡುಗಿ ನಂಬುತ್ತಿದ್ದಳು. ಆದರೆ ಅವಳು ಆಗಷ್ಟೇ ಅಷ್ಟು ಖರೆಯಾಗಿ ಆಡಿ ಬಂದಿದ್ದಳು.

"ಓಣ್ಯಾಗ ಒಬ್ಬಾಕಿನ ಇರೂ ಮುದುಕ್ಯಾರು ಯಾರ್ಯಾರು ಅಂತ ನೋಡು" ಎಂದೆ. "ಕಾಳವ್ವ. ನಿನ್ನ ಲಗ್ನ ಆದ ಮ್ಯಾಲ ನಾನು. ಒಲಿ ಮುಂದ ಕುಂತು ಒಬ್ಬಾಕಿನ ವಟವಟ ಅಂತೀನಿ. ಮಂದಿ ಕೂಸಿನ ಮ್ಯಾಲ ಮೆಣಸಿನಕಾಯಿ ನಿವಾಳಸ್ತೀನಿ. ಅಕಿ ಹೋದ್ರ ಬೆರಳು ಎಲ್ಲಿಗೆ ಬರ್ತಿತ್ತು?"

ಅವಳು ನನ್ನ ಕಡೆ ಸರಿದು ಕೂತು, "ಮತ್ತ ಆ ನಾಯಕ? ಇನ್ನೂ ಹುಚ್ಚನೇನು?" ಎಂದಳು.

"ಹುಚ್ಚನ" ಎಂದೆ. ಆಮೇಲೆ, "ಆದ್ರ ಬ್ಯಾರೇವರ ಹೆಸರ ಹೇಳಲಿಲ್ಲ. ಅಷ್ಟಕ್ಕ ಹೆಣ್ಣ ಕೊಡಬಹುದು" ಎಂದೆ.

ಸುಧಾ ಲಗ್ನವಾಗಿ ಪರ್ವರಿಗೆ ಬಂದಾಗ ನನ್ನನ್ನು ಗುಡ್ಡದಲ್ಲಿ ಬಿಟ್ಟು ಬರಲಿಲ್ಲ. ಯಾಕೆ ಎಂದು ನಾನು ಕೇಳಿಲ್ಲ, ಅವಳು ಹೇಳಿಲ್ಲ. ಬಸ್ಸಿನ ಮಾತು ಅವಳಿಗೆ ನೆನಪಿರಬೇಕು.

ಇವನ್ನೆಲ್ಲ ನೆನೆಯುತ್ತಾ ಕೂತಿದ್ದೆ, ಸಂಜೆ ಮತ್ತೆ ಬೆಲ್ಲು ಹೊಡೆಯಿತು. ಮೇಲಿನ ಮನೆಯವರೇ. ಈ ಸಲ ಮೂಗಿಗೆ ಓಢಣಿ ಇಲ್ಲ, ಕಂಕುಳಲ್ಲಿ ಕೂಸು. ಕೂಸು ಅತ್ತು ಅತ್ತು ಬಾಡಿತ್ತು.

"ಅಜ್ಜಿ, ಮುಂಜಾನೆ... ಅದು ದೃಷ್ಟಿ ತಗಿಯೂದು ಅಂತ ಗೊತ್ತಾಗಲಿಲ್ರಿ. ಇದು ನಿನ್ನೆಯಿಂದ ಹಾಲ ಮುಟ್ಟವಲ್ದು. ಸ್ವಲ್ಪ ನೋಡ್ತೀರೇನು?" ಎಂದರು. ಆಮೇಲೆ ಹತ್ತಿರ ಬಂದು ದನಿ ಇಳಿಸಿದರು. "ಯಾರ ಕಣ್ಣು ಅಂತ ನನಗ ಗೊತ್ತೈತ್ರಿ. ನಮ್ಮ ಎದುರಿನ ಮನ್ಯಾಕಿ..."

"ಚಪ್ಪಲ ಅಲ್ಲೇ ಬಿಡ್ರಿ" ಎಂದೆ. "ಹೆಸರೂ ಅಲ್ಲೇ ಬಿಡ್ರಿ. ಕೂಸಿನಷ್ಟ ಒಳಗ ತರ್ರಿ. ನಾಳೆಗೂ ಹಾಲ ಕುಡೀಲಿಲ್ಲಂದ್ರ ಡಾಕ್ಟರ ಕಡೆ ಹೋಗ್ರಿ, ನನ್ನ ಕಡೆ ಅಲ್ಲ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಕೂಸು ನನ್ನ ಬೆರಳು ಹಿಡಿದುಕೊಂಡಿತು. ನಾನು ಡಬ್ಬಿಯಿಂದ ಎರಡೇ ಮೆಣಸಿನಕಾಯಿ ತೆಗೆದಿದ್ದೆ, ಎಷ್ಟಾದರೂ ಸಣ್ಣ ಕೂಸು.

"ಹಂಗಲ್ರಿ ಅಜ್ಜಿ, ಅಕಿ ಮೊನ್ನೆ ಲಿಫ್ಟಿನ್ಯಾಗ..." ಎಂದು ಅವರು ಮತ್ತೆ ಶುರು ಮಾಡಿದರು.

ಕೂಸನ್ನು ಸುಧಾಳ ಕೈಗೆ ಕೊಟ್ಟು ಒಳಗಿನ ಖೋಲಿಗೆ ಕಳಿಸಿದೆ. ಆಮೇಲೆ ಡಬ್ಬಿಗೆ ಮತ್ತೆ ಕೈ ಹಾಕಿ, ಹಿಡಿ ತುಂಬಾ ತೆಗೆದುಕೊಂಡೆ.